ಸಿಸ್ಟರ್‌ಗೂ ಕೂರಲು ಒಂದು ಕೋಣೆ ಬೇಕು

ಪತ್ರ: ನನ್ನ ತಾಯಿ ಹುಬ್ಬಳ್ಳಿಯ ಒಂದು ವೃದ್ಧಾಶ್ರಮದಲ್ಲಿದ್ದಾರೆ. ರಾತ್ರಿ ಎರಡು ಸಲ ಕರೆದರೆ ಸಿಸ್ಟರ್ ಸಿಡುಕುತ್ತಾರಂತೆ. ಈಗ ಅವರೇ ಸಂಬಳ ಜಾಸ್ತಿ ಮಾಡಿ, ಜೊತೆಗೆ ಇನ್ನೊಬ್ಬರನ್ನು ಕೊಡಿ ಅಂತಿದ್ದಾರೆ. ನರ್ಸಿಂಗ್ ಅಂದರೆ ಸೇವೆ. ಸೇವೆಗೂ ಲೆಕ್ಕವೇ?
– ನಿವೃತ್ತ ಶಿಕ್ಷಕರು, ಧಾರವಾಡ

ಮಾಸ್ತರರೇ,

ಹಾಸಿಗೆ ಹಿಡಿದ ಜೀವದ ಮೇಲೆ ಸಿಡುಕುವುದು ತಪ್ಪು, ಒಪ್ಪಿದೆ. ಆದರೆ ನಿಮ್ಮ ಕೊನೆಯ ಮಾತು ಒಪ್ಪಲಾರೆ.

ನನ್ನ ಅವ್ವ ಕೊನೆಯ ಎಂಟು ತಿಂಗಳು ಇಂಥದೇ ಒಂದು ಕಡೆ ಇದ್ದಳು. ಒಂದು ರಾತ್ರಿ ನಾನೂ ಅಲ್ಲೇ ಉಳಿದೆ. 22 ಹಿರಿಯರಿಗೆ ಒಬ್ಬಳೇ ಸಿಸ್ಟರ್. ಬೆನ್ನಿಗೆ ಹುಣ್ಣಾಗಬಾರದು ಅಂದರೆ ಏಳಲಾಗದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಅದು ಇಬ್ಬರ ಕೆಲಸ. ಆಕೆ ಚಾದರದ ಅಂಚನ್ನು ಮುಷ್ಟಿಗೆ ಸುತ್ತಿ, ಮೊಣಕಾಲನ್ನು ಮಂಚಕ್ಕೆ ಒತ್ತಿ, "ಆಯಿ, ಸ್ವಲ್ಪ ಈ ಕಡೆ ಬರ್ರಿ" ಅನ್ನುತ್ತ ಒಬ್ಬಳೇ ಎಳೆದಳು. ಆಮೇಲೆ ಗೋಡೆ ಹಿಡಿದು ಸೊಂಟ ನೆಟ್ಟಗೆ ಮಾಡಿಕೊಂಡಳು. ನಸುಕಿನಲ್ಲಿ ಪಕ್ಕದ ಕೋಣೆಯ ಅಜ್ಜ ತೀರಿಕೊಂಡರು. ಎರಡು ವರ್ಷ ಆಕೆಯ ಕೈಯಿಂದಲೇ ಗಂಜಿ ಕುಡಿದವರು. ಕಣ್ಣು ಮುಚ್ಚಿಸಿ, ಮಕ್ಕಳಿಗೆ ಫೋನ್ ಮಾಡಿ, ಮುಂದಿನ ಮಂಚಕ್ಕೆ ಹೋದಳು. ಅತ್ತದ್ದು ಮೆಟ್ಟಿಲ ಮೇಲೆ ಕೂತು. ಸಿಸ್ಟರ್‌ಗಳಿಗೆಂದು ಅಲ್ಲಿ ಒಂದು ಕೋಣೆ ಇರಲಿಲ್ಲ.

ಆ ಹೊತ್ತಿಗೆ ಯಾರಾದರೂ ಎರಡು ಸಲ ಕರೆದಿದ್ದರೆ ಆಕೆಯೂ ಸಿಡುಕುತ್ತಿದ್ದಳೇನೋ.

ಈ ಸಿಸ್ಟರ್‌ಗಳು ಕೇಳುವುದು ದೊಡ್ಡದೇನಲ್ಲ. ಎತ್ತಲು ಇನ್ನೊಂದು ಜೊತೆ ಕೈ, ವಾರಕ್ಕೊಂದು ರಜೆ, ಸಾವು ಕಂಡ ದಿನ ಹತ್ತು ನಿಮಿಷ ಪಕ್ಕದಲ್ಲಿ ಕೂರುವ ಹಿರಿಯ ಸಿಸ್ಟರ್ ಒಬ್ಬರು. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಒಂದು ಸಮಿತಿ ಮಾಡಿತು. 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದು ಅದು ಹೇಳಿತು. ಅದೂ ಆಸ್ಪತ್ರೆಯ ಮಾತು. ವೃದ್ಧಾಶ್ರಮದ ಸಿಸ್ಟರ್ ಪರವಾಗಿ ಯಾರು ಕೇಳಬೇಕು? ಅಲ್ಲಿ ತಂದೆ ತಾಯಿಯನ್ನು ಬಿಟ್ಟು ಬಂದ ನಾವೇ ಅಲ್ವಾ?

ಹೆಣ್ಣುಮಕ್ಕಳು ಮೈ ಮುರಿದು ಮಾಡುವ ಕೆಲಸಕ್ಕೆಲ್ಲ ನಾವು 'ಸೇವೆ' ಅಂತ ಹೆಸರಿಟ್ಟಿದ್ದೇವೆ. ಆಶಾ, ಅಂಗನವಾಡಿಯವರಿಗೆ ಕೊಡುವುದು ಸಂಬಳವಲ್ಲ, ಗೌರವಧನ. ನರ್ಸ್‌ಗೆ ಮೇ 12ರ ದಾದಿಯರ ದಿನಕ್ಕೆ ಒಂದು ಶಾಲು. ಪಾಠ ಹೇಳುವುದೂ ಸೇವೆಯೇ, ಮಾಸ್ತರರೇ. ನಿಮಗೆ ಭಾನುವಾರ ರಜೆ ಇತ್ತು, ಸಂಬಳವಿತ್ತು. ಅದಕ್ಕೇ ನೀವು ಮಕ್ಕಳಿಗೆ ಮನಸ್ಸಿಟ್ಟು ಕಲಿಸಿದಿರಿ.

ಮುಂದಿನ ಸಲ ತಾಯಿಯವರನ್ನು ನೋಡಲು ಹೋದಾಗ ಮ್ಯಾನೇಜರ್‌ಗೆ ಕೇಳಿ: ರಾತ್ರಿ ಪಾಳಿಗೆ ಎಷ್ಟು ಜನ? ಉತ್ತರ ಬರೆದು ಕಳಿಸಿ, ಅದನ್ನೂ ಅಚ್ಚು ಮಾಡುತ್ತೇನೆ.

– ಸಂಪಾದಕ