ಎರಡನೇ ಮಗುವಿನ ಭಯ

(ಗುರುತು ಸಿಗದ ಹಾಗೆ ಊರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದೆ.)

ಆಕೆಗೆ 27 ವರ್ಷ, ಚೊಚ್ಚಲ ಬಸಿರು, ಅವಳಿ. ಗಂಡನ ಮನೆ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆ. ತವರು ಮುಳ್ಳೇರಿಯದಿಂದಲೂ ಒಳಗೆ, ಜೀಪು ಮಾತ್ರ ಇಳಿಯುವ ತೋಟದ ಮನೆ. 31ನೇ ವಾರದಲ್ಲಿ ಗಂಡ ಮತ್ತು ಅತ್ತೆಯ ಜೊತೆ ಆಪ್ತಸಮಾಲೋಚನೆಗೆ ನಮ್ಮ ಬಳಿ ಬಂದರು. ನಿದ್ರೆಯಿಲ್ಲ, ಊಟ ಸೇರುವುದಿಲ್ಲ ಎಂದು ಕಳುಹಿಸಿದ್ದು ಆಶಾ ಕಾರ್ಯಕರ್ತೆ.

ಮಾತು ಶುರುಮಾಡಿದ್ದು ಅತ್ತೆ. "ಜೋಡಿ ಬಾಳೆಹಣ್ಣು ತಿನ್ಬೇಡ ಅಂತ ಎಷ್ಟು ಸಲ ಹೇಳಿದ್ದೆ ಮೇಡಂ, ಕೇಳಿದ್ರೆ ತಾನೇ." ತಮಾಷೆಗೆ ಹೇಳಿದ್ದಿರಬಹುದು, ಸೊಸೆ ನಗಲಿಲ್ಲ. ಒಂದೇ ತಿಂಗಳಲ್ಲಿ ಎರಡು ಅಂಡ ಬಿಡುಗಡೆಯಾಗಿ ಆಗುವ ಅವಳಿಗೆ ತಾಯಿಯ ಕಡೆಯ ವಂಶ ಕಾರಣವಾಗಬಹುದು, ಬಾಳೆಹಣ್ಣು ಆಗುವುದಿಲ್ಲ ಎಂದು ಅಲ್ಲಿಯೇ ಹೇಳಿ ಮುಗಿಸಬೇಕಾಯಿತು. ಇಂಥ ಮಾತು ಗರ್ಭಿಣಿಯ ತಲೆಯಲ್ಲಿ ತಪ್ಪಿತಸ್ಥ ಭಾವವಾಗಿ ಕೂತುಬಿಡುತ್ತದೆ.

ಅತ್ತೆಯನ್ನೂ ಗಂಡನನ್ನೂ ಹೊರಗೆ ಕೂರಿಸಿದ ಮೇಲೆ ಒಳಗಿದ್ದ ಭಯ ಹೊರಬಂತು. ಸ್ಕ್ಯಾನಿನಲ್ಲಿ ಮೊದಲ ಮಗು ತಲೆ ಕೆಳಗೆ, ಎರಡನೆಯದು ಅಡ್ಡ. "ಒಂದು ನಾರ್ಮಲ್ ಆಗಿ, ಇನ್ನೊಂದಕ್ಕೆ ಹೊಟ್ಟೆ ಕೊಯ್ದರೆ? ಎರಡೂ ನೋವು ನನಗೇ ಅಲ್ವಾ?" ಜೊತೆಗೆ ಆಸ್ಪತ್ರೆಯಲ್ಲಿ ಸಹಿ ಹಾಕಿಸಿಕೊಂಡ ಒಂದು ಕಾಗದ ಮಲಯಾಳದಲ್ಲಿತ್ತು. ಕನ್ನಡ ಮಾಧ್ಯಮದಲ್ಲಿ ಓದಿದ ಆಕೆಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅದರಲ್ಲಿ ಏನಿದೆಯೋ ಎಂದು ಹದಿನೈದು ದಿನ ಕಲ್ಪಿಸಿಕೊಂಡು ಕೂತಿದ್ದರು.

ಮೊದಲು ಆ ಕಾಗದ. ಸಹಿಗೆ ಮುಂಚೆ ಕನ್ನಡದಲ್ಲೋ ತುಳುವಿನಲ್ಲೋ ಓದಿ ಹೇಳಿ ಎಂದು ಕೇಳಲು ಯಾರೂ ಸಂಕೋಚಪಡಬೇಕಿಲ್ಲ. ಈ ಕಡೆಯ ವಾರ್ಡುಗಳಲ್ಲಿ ತುಳು ಬರುವ ನರ್ಸ್ ಒಬ್ಬರಾದರೂ ಸಿಗುತ್ತಾರೆ. ಯಾವುದಕ್ಕೆ ಒಪ್ಪಿಗೆ, ರಕ್ತ ಕೊಡಬೇಕಾದೀತೇ, ಅರಿವಳಿಕೆ ಯಾವುದು, ಮಗುವನ್ನು ಬೇರೆ ಕಡೆ ಕಳುಹಿಸಬೇಕಾದರೆ ಯಾರನ್ನು ಕೇಳುತ್ತಾರೆ, ಇಷ್ಟು ತಿಳಿದರೆ ಸಾಕು. ಆಕೆ ಮರುದಿನ ಹೋಗಿ ಓದಿಸಿಕೊಂಡರು. ಮಾಮೂಲಿ ಒಪ್ಪಿಗೆ ಪತ್ರ ಅಷ್ಟೇ.

ಇನ್ನು ಹೆರಿಗೆ. ಆಕೆಯದು ಎರಡು ಮಾಸು, ಎರಡು ಚೀಲದ ಅವಳಿ, ಅಂದರೆ ಪ್ರತಿ ಮಗುವಿಗೂ ತನ್ನದೇ ಮಾಸು, ತನ್ನದೇ ನೀರಿನ ಚೀಲ. ತೊಂದರೆಯಿಲ್ಲದಿದ್ದರೆ ಇದನ್ನು 37ರಿಂದ 38ನೇ ವಾರದವರೆಗೆ ಬೆಳೆಯಲು ಬಿಡುತ್ತಾರೆ. ಒಂದೇ ಮಾಸನ್ನು ಹಂಚಿಕೊಂಡ ಅವಳಿಯಲ್ಲಿ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹೆಚ್ಚು ಹರಿಯುವ ಅಪಾಯವಿರುವುದರಿಂದ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನ್ ಬೇಕು, ಹೆರಿಗೆಯೂ ಸ್ವಲ್ಪ ಮೊದಲೇ. ಮಾಸು ಎಷ್ಟು ಎಂಬುದು 11ರಿಂದ 14ನೇ ವಾರದ ಸ್ಕ್ಯಾನಿನಲ್ಲೇ ಸ್ಪಷ್ಟವಾಗಿ ಕಾಣುವುದು. ಹಾಗಾಗಿ ಆ ವರದಿಯನ್ನು ಕೊನೆಯವರೆಗೂ ಫೈಲಿನಲ್ಲಿ ಇಟ್ಟುಕೊಳ್ಳಲು ಹೇಳಿದೆವು.

ಮೊದಲ ಮಗು ತಲೆ ಕೆಳಗಿದ್ದರೆ ನಾರ್ಮಲ್ ಹೆರಿಗೆಗೆ ಪ್ರಯತ್ನಿಸಬಹುದು. ಮೊದಲನೆಯದು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಗೆ ಕ್ಲಿಪ್ ಹಾಕಿ, ಒಬ್ಬರು ಹೊಟ್ಟೆಯ ಮೇಲೆ ಕೈಯಿಟ್ಟು ಎರಡನೆಯದನ್ನು ನೆಟ್ಟಗೆ ಹಿಡಿಯುತ್ತಾರೆ. ಸ್ಕ್ಯಾನಿನಲ್ಲಿ ಮಲಗಿರುವ ರೀತಿ, ಹೃದಯ ಬಡಿತ ನೋಡುತ್ತಾರೆ. ಜಾಗ ಸಿಕ್ಕಿದ್ದರಿಂದ ಅದು ತಿರುಗಿಕೊಳ್ಳುವುದೂ ಉಂಟು. ತಿರುಗದಿದ್ದರೆ ಹೊರಗಿನಿಂದ ತಿರುಗಿಸುತ್ತಾರೆ, ಇಲ್ಲವೇ ಕಾಲು ಹಿಡಿದು ತರುತ್ತಾರೆ. ಮೊದಲ ಮಗುವಿನ ನಂತರ ನೋವು ಕುಗ್ಗುವುದು ಸಾಮಾನ್ಯ, ಅದಕ್ಕೇ ಡ್ರಿಪ್. ಹೆಚ್ಚಾಗಿ ಅರ್ಧ ಗಂಟೆಯೊಳಗೆ ಎರಡನೆಯದೂ ಬರುತ್ತದೆ. ಆಕೆ ಹೆದರಿದ 'ಒಂದು ನಾರ್ಮಲ್, ಒಂದು ಆಪರೇಷನ್' ಆಗುವುದು ನೂರರಲ್ಲಿ ಸುಮಾರು ನಾಲ್ವರಿಗೆ. ಆಗುವುದೇ ಇಲ್ಲ ಎಂದು ಸಮಾಧಾನ ಹೇಳಲಿಲ್ಲ. ಬೆನ್ನಿನ ಅರಿವಳಿಕೆ ಮೊದಲೇ ಕೊಟ್ಟಿದ್ದರೆ ಆಗಲೂ ಹೊಸ ನೋವು ತಿನ್ನಬೇಕಿಲ್ಲ ಎಂದು ಹೇಳಿದೆವು. ಆಕೆಗೆ ಬೇಕಿದ್ದದ್ದೂ ಅದೇ ಮಾತು.

ನಾವು ಹೆಚ್ಚು ಒತ್ತು ಕೊಟ್ಟದ್ದು ಜಾಗದ ಬಗ್ಗೆ. ಸೀಮಂತ ಮುಗಿಸಿ ತವರಿಗೆ ಹೋಗುವುದು ನಿಶ್ಚಯವಾಗಿತ್ತು. ಅವಳಿ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. 34 ವಾರಕ್ಕೆ ಮೊದಲೇ ನೋವು ಬಂದರೆ ಮಗುವಿನ ಶ್ವಾಸಕೋಶಕ್ಕೆ ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್ ಪೂರ್ತಿ ಕೆಲಸ ಮಾಡಲು ಒಂದು ದಿನ ಬೇಕು, ದಾರಿಯಲ್ಲಿ ಕಳೆದ ಎರಡು ಗಂಟೆ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಮಂಗಳೂರು ಬೇಡ ಎಂದು ಅತ್ತೆ ಹಟ ಹಿಡಿದರು. 2020ರ ಮಾರ್ಚಿನಲ್ಲಿ, ಕೋವಿಡ್ ಹೊತ್ತಲ್ಲಿ, ಕರ್ನಾಟಕ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿ ಆಂಬುಲೆನ್ಸುಗಳನ್ನೂ ತಡೆದದ್ದು ಇಲ್ಲಿನವರು ಮರೆಯುವ ಸಂಗತಿಯಲ್ಲ. ಆ ಹಟವನ್ನು ಮೂಢತನ ಎನ್ನಲಾಗದು. ಆದರೂ ಕೇಳಬೇಕಾದ ಪ್ರಶ್ನೆ ಒಂದೇ: ಎರಡೂ ಮಕ್ಕಳಿಗೆ ಒಟ್ಟಿಗೆ ನವಜಾತ ಐಸಿಯುನಲ್ಲಿ ಜಾಗ ಎಲ್ಲಿದೆ? ರಾತ್ರಿಯೂ ಅರಿವಳಿಕೆ ತಜ್ಞರು, ರಕ್ತ ಎಲ್ಲಿ ಸಿಗುತ್ತದೆ? ಅತಿಯಾಗಿ ಹಿಗ್ಗಿದ ಗರ್ಭಕೋಶ ಹೆರಿಗೆಯಾದ ಮೇಲೆ ಬೇಗ ಕುಗ್ಗುವುದಿಲ್ಲ, ಅವಳಿಯಲ್ಲಿ ರಕ್ತಸ್ರಾವದ ಭಯ ಹೆಚ್ಚಿರುವುದು ಅದಕ್ಕೆ. ಇವೆಲ್ಲ ಒಟ್ಟಿಗೆ ಇಲ್ಲದ ಕಡೆ ಒಂದು ಮಗು ಒಂದು ಊರು, ತಾಯಿ ಇನ್ನೊಂದು ಊರು ಆಗಿಬಿಡುತ್ತದೆ. ಗಂಡ ಮೂರು ಕಡೆ ವಿಚಾರಿಸಿ, ಚಿಕಿತ್ಸೆಯ ಕಾರ್ಡ್ ಎಲ್ಲಿ ನಡೆಯುತ್ತದೆಂದೂ ಕೇಳಿಕೊಂಡು ತೀರ್ಮಾನಿಸಿದರು. 34ನೇ ವಾರದಿಂದ ಆಸ್ಪತ್ರೆಗೆ ಹತ್ತಿರದ ಚಿಕ್ಕಮ್ಮನ ಮನೆಯಲ್ಲಿ ಇರುವುದೆಂದಾಯಿತು. ನೀರು ಹೋದರೆ, ರಕ್ತ ಕಂಡರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಮಕ್ಕಳ ಚಲನೆ ಕಡಿಮೆ ಅನಿಸಿದರೆ ನೋವಿಗೆ ಕಾಯದೆ ಹೊರಡುವುದು ಎಂದು ಬರೆದು ಕೊಟ್ಟೆವು.

35 ವಾರ ಕಳೆದ ನಾಲ್ಕನೇ ದಿನ ರಾತ್ರಿ ನೀರು ಹೋಯಿತು. ಮೊದಲನೆಯದು ನಾರ್ಮಲ್, 2.2 ಕೆಜಿ. ಎರಡನೆಯದನ್ನು ಕಾಲು ಹಿಡಿದು ತಂದರು, 1.8 ಕೆಜಿ, ಉಸಿರಾಟಕ್ಕಾಗಿ ಐಸಿಯು.

ಆರನೇ ದಿನ ಗಂಡ ಫೋನ್ ಮಾಡಿದರು. ಆಕೆ ಒಮ್ಮೆಯೂ ಚಿಕ್ಕದನ್ನು ನೋಡಲು ಹೋಗಿರಲಿಲ್ಲ. "ಉಳಿಯದಿದ್ದರೆ ಅಂತ ಮುಖ ನೋಡ್ಲಿಕ್ಕೆ ಧೈರ್ಯ ಇಲ್ಲ." ಬಂದ ಹಾಲೆಲ್ಲ ಗಟ್ಟಿ ಇರುವ ಮಗುವಿಗೇ ಕೊಡಬೇಕೆಂದು ಮನೆಯವರೂ ಹೇಳಿದ್ದರು. ಇದು ಲೆಕ್ಕ ತಪ್ಪು. ಹಾಲು ಡಬ್ಬಿಯಲ್ಲಿಟ್ಟ ಸರಕಲ್ಲ, ತೆಗೆದಷ್ಟೂ ಬರುತ್ತದೆ. ದಿನಕ್ಕೆ ಎಂಟು ಸಲ, ಅದರಲ್ಲಿ ಒಂದು ನಡುರಾತ್ರಿ, ಪ್ರತಿ ಸಲ 15ರಿಂದ 20 ನಿಮಿಷ ಹಿಂಡಬೇಕು. ಕೈ ತೊಳೆದು, ಕುದಿಸಿ ಆರಿಸಿದ ಬಟ್ಟಲಲ್ಲಿ ತೆಗೆದು, ಹೊತ್ತು ಬರೆದು ಐಸಿಯುಗೆ ಕೊಡುವುದು. ಮೊದಲು ಕೆಲವೇ ಹನಿ ಬಂದರೂ ಚೆಲ್ಲಬಾರದು. ಇಷ್ಟು ಚಿಕ್ಕ ಮಗು ಚೀಪಿ ಚೀಪಿ ಬೇಗ ಸುಸ್ತಾಗುತ್ತದೆ, ಆಗ ಒಳಲೆಯಲ್ಲಿ ಕೊಡಬಹುದು. ಜೇನು, ಬಜೆ, ಸಕ್ಕರೆ ನೀರು ಯಾವುದೂ ಬೇಡ. ಬಾಳಂತಿಗೆ ನೀರು ಕಡಿಮೆ ಕೊಡುವುದನ್ನೂ ನಿಲ್ಲಿಸಲು ಅತ್ತೆಗೆ ಹೇಳಿದೆವು.

ನೋಡಲು ಹೋಗುವುದನ್ನು ಮೆಟ್ಟಿಲು ಮಾಡಿಕೊಂಡೆವು. ಮೊದಲ ದಿನ ಗಾಜಿನಾಚೆಯಿಂದ, ಮರುದಿನ ಕೈ ಒಳಗಿಟ್ಟು ತಲೆ ಮುಟ್ಟುವುದು, ಡಾಕ್ಟರು ಒಪ್ಪಿದ ದಿನ ಎದೆಗೆ ಒರಗಿಸಿ ಕಾಂಗರೂ ಆರೈಕೆ, ಒಮ್ಮೆ ಕೂತರೆ ಕನಿಷ್ಠ ಒಂದು ಗಂಟೆ. ಆ ಹೊತ್ತಲ್ಲಿ ದೊಡ್ಡದು ಅಪ್ಪನ ಎದೆಯ ಮೇಲೆ. ಬಾಳಂತಿಯ ಖಿನ್ನತೆ ಗುರುತಿಸುವ, ಹತ್ತು ಪ್ರಶ್ನೆಗಳ ಎಡಿನ್‌ಬರೋ ಪಟ್ಟಿಯನ್ನು ಕನ್ನಡದಲ್ಲಿ ಕೇಳಿದೆವು. ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಇರಲಿಲ್ಲ. ಅಳು ಎರಡು ವಾರ ಮೀರಿದರೆ ಮನೋವೈದ್ಯರ ಬಳಿ ಕಳುಹಿಸುವುದೆಂದು ನಿಗದಿಯಾಯಿತು. ಅದರ ಅಗತ್ಯ ಬೀಳಲಿಲ್ಲ. ಒಂಬತ್ತನೇ ದಿನ ಚಿಕ್ಕದು ವಾರ್ಡಿಗೆ ಬಂತು.

ಮೂರನೇ ವಾರದ ಭೇಟಿಯಲ್ಲಿ ಉಳಿದ ವಿಷಯ ಒಂದೇ. ಜನನ ನೋಂದಣಿ 21 ದಿನದೊಳಗೆ, ಹುಟ್ಟಿದ ಜಾಗದ ಕಚೇರಿಯಲ್ಲೇ, ಪ್ರತಿ ಮಗುವಿಗೆ ಬೇರೆ ಬೇರೆ, ಹುಟ್ಟಿದ ಹೊತ್ತಿನೊಂದಿಗೆ. ಅತ್ತೆಯ ಕೈಯಲ್ಲಿ ಎರಡು ಕಂಬ ಎಳೆದ ನೋಟ್‌ಬುಕ್ಕು ಇತ್ತು: ಹಾಲು, ಮೂತ್ರ, ತೂಕ. ಎರಡನೇ ಕಂಬದ ಮೇಲೆ ಇನ್ನೂ 'ಚಿಕ್ಕದು' ಎಂದೇ ಬರೆದಿತ್ತು. ಹೆಸರು ಬರೆಯಿರಿ ಎಂದೆವು.