ವಿಡಿಯೋದಲ್ಲಿ ಮಾತ್ರ ಸರಿಯಾಗೇ ಬರ್ತಿತ್ತು

ಮಳೆ ರಜೆ ಕೊಟ್ಟು ಪಾಠ ಆನ್‌ಲೈನ್ ಆದಾಗಲೆಲ್ಲ 'ನಾನು ದಡ್ಡ' ಅನ್ನುವ ಮಕ್ಕಳು ಆಪ್ತಸಲಹೆಗೆ ನನ್ನ ಹತ್ತಿರ ಬರುತ್ತಾರೆ. ಅದಕ್ಕೇ ಈ ಹಳೇ ಪ್ರಕರಣ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಸೋಮವಾರಪೇಟೆ ಕಡೆಯ ಹುಡುಗಿ, ಬಿಎಸ್ಸಿ ಮೊದಲ ವರ್ಷ. ಕೋವಿಡ್‌ನಿಂದಾಗಿ ಎರಡನೇ ಪಿಯುಸಿ ಪೂರ್ತಿ ಫೋನಿನಲ್ಲೇ. ಅವರ ಊರಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ. 2021ರ ಜನವರಿಯಲ್ಲಿ ಕಾಲೇಜು ತೆರೆದರೂ ಹಾಜರಿ ಕಡ್ಡಾಯ ಇರಲಿಲ್ಲ, ಮನೆಯವರು ಕಳಿಸಲಿಲ್ಲ. ಆ ವರ್ಷ ಪರೀಕ್ಷೆ ರದ್ದಾಗಿ ಎಸ್ಸೆಸ್ಸೆಲ್ಸಿ, ಮೊದಲ ಪಿಯುಸಿ ಅಂಕಗಳ ಮೇಲೆ ಫಲಿತಾಂಶ ಬಂತಲ್ವಾ, ಹಾಗಾಗಿ ಏನು ಬಿಟ್ಟುಹೋಗಿದೆ ಅಂತ ಯಾರಿಗೂ ಕಾಣಲಿಲ್ಲ. ಡಿಗ್ರಿಗೆ ಬಂದು ಸ್ವಲ್ಪ ದಿನಕ್ಕೇ ಕೆಮಿಸ್ಟ್ರಿ ಲ್ಯಾಬ್‌ಗೆ ಹೋಗುವುದು ಬಿಟ್ಟಿದ್ದಳು.

ಒಂದು ದಿನ, ಟೈಟ್ರೇಶನ್ ಹೇಗೆ ಮಾಡ್ತೀಯ ತೋರಿಸು ಅಂದೆ. ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿ ಹನಿಯಾಗಿ ಬಿಟ್ಟು, ತಿಳಿ ಬಣ್ಣ ಬಂದ ಕೂಡಲೇ ನಿಲ್ಲಿಸಿ ಅಳೆಯುವ ಪ್ರಯೋಗ ಅದು; ಹನಿ ಜಾಸ್ತಿಯಾದರೆ ಬಣ್ಣ ಕಡುವಾಗುತ್ತದೆ. ಎಡಗೈಯಲ್ಲಿ ಇಲ್ಲದ ಬ್ಯುರೆಟ್‌ನ (ಹನಿ ಬಿಡುವ ಉದ್ದ ಗಾಜಿನ ನಳಿಗೆಯ) ತಿರುಪು ಹಿಡಿದಳು, ಬಲಗೈಯಲ್ಲಿ ಇಲ್ಲದ ಫ್ಲಾಸ್ಕ್ ಅಲ್ಲಾಡಿಸಿದಳು. ಕ್ರಮ ಎಲ್ಲ ಬಾಯಿಪಾಠ. ತಿಳಿ ಗುಲಾಬಿ ಬರುವ ಹೊತ್ತಿಗೆ ಕೈ ನಿಂತಿತು.

"ನಂದು ಯಾವಾಗ್ಲೂ ಕಡು ಗುಲಾಬಿ ಆಗ್ಬಿಡುತ್ತೆ ಮೇಡಂ. ವಿಡಿಯೋದಲ್ಲಿ ಮಾತ್ರ ಸರಿಯಾಗೇ ಬರ್ತಿತ್ತು."

ಬೇರೆಯವರದ್ದು ಹಾಗಾಗಿದ್ದು ನೋಡಿಲ್ವಾ ಅಂತ ಕೇಳಿದೆ. ಇಲ್ಲ ಅಂದಳು.

ಎಲ್ಲ ಇಲ್ಲೇ ಇತ್ತು. ಲ್ಯಾಬಲ್ಲಿ ಮಕ್ಕಳು ಒಬ್ಬರಾದ ಮೇಲೊಬ್ಬರು ಹನಿ ಜಾಸ್ತಿ ಬಿಡುತ್ತಾರೆ, ನಗುತ್ತಾರೆ, ಫ್ಲಾಸ್ಕ್ ತೊಳೆದು ಮತ್ತೆ ಶುರು ಮಾಡುತ್ತಾರೆ. ಉಳಿದವರು ಪಿಯುಸಿಯಲ್ಲೇ ಹಾಗೆ ತಪ್ಪಿ ತಪ್ಪಿ ಕಲಿತು ಬಂದಿದ್ದರು. ಇವಳು ಬೇರೆಯವರ ತಪ್ಪು ನೋಡಿದ್ದೇ ಇಲ್ಲ, ಹಾಗಾಗಿ ತಪ್ಪೋದು ತಾನೊಬ್ಬಳೇ ಅಂದುಕೊಂಡಳು.

ನಾನು ಹೇಳಿದ್ದು ಇಷ್ಟು: ಉಪನ್ಯಾಸಕರನ್ನು ಕೇಳಿ, ಲ್ಯಾಬ್ ಖಾಲಿ ಇರುವಾಗ ಗೆಳತಿಯ ಜೊತೆ ಹೋಗು. ಮೊದಲು ಇಬ್ಬರೂ ಬೇಕಂತಲೇ ಜಾಸ್ತಿ ಬಿಡಿ. ರೀಡಿಂಗ್ ಚಿಂತೆ ಆಮೇಲೆ.

"ಧೈರ್ಯ ಹೇಳೋದಷ್ಟೇ ನಿಮ್ಮ ಕೆಲಸ" ಅಂತ ಒಬ್ಬರು ಬೇಸರ ಮಾಡಿಕೊಂಡರು. ನಾನು ಒಪ್ಪಲ್ಲ. ಕೈಗೆ ಬಾರದ ಕೆಲಸಕ್ಕೆ ಬಾಯಲ್ಲಿ ಧೈರ್ಯ ತುಂಬಿದರೆ ಮಗು ಮನೆ ಮುಟ್ಟುವಷ್ಟರಲ್ಲಿ ಅದು ಇಳಿದುಹೋಗುತ್ತದೆ. ಅವಳ ಅಳತೆ ಕೆಲವು ವಾರ ತಪ್ಪುತ್ತಲೇ ಇತ್ತು, ಆದರೆ ಲ್ಯಾಬ್ ತಪ್ಪಿಸಲಿಲ್ಲ.

ಉಪನ್ಯಾಸಕರಲ್ಲಿ ಕೇಳಿಕೊಳ್ಳುವುದು: ರಜೆಯಲ್ಲಿ ಪಾಠವನ್ನು ವಾಯ್ಸ್ ಮೆಸೇಜ್ ಮಾಡಿಯೂ ಕಳಿಸಿ, ನೆಟ್‌ವರ್ಕ್ ಬಂದಾಗ ಕೇಳಿಕೊಳ್ಳುತ್ತಾರೆ. ಕಾಲೇಜು ತೆರೆದ ಮೇಲೆ ಮೊದಲ ಲ್ಯಾಬನ್ನು ಹೊಸ ಪ್ರಯೋಗಕ್ಕೆ ಕೊಡಬೇಡಿ, ಬಿಟ್ಟುಹೋದದ್ದಕ್ಕೇ ಕೊಡಿ. ಅವತ್ತು ಅಂಕ ಹಾಕಬೇಡಿ.