ಮರಳು ಮಣ್ಣಿನಲ್ಲಿ ಸಣ್ಣ ಈರುಳ್ಳಿ: ಗೊಬ್ಬರ ಕಳಿತಿರಬೇಕು

ಪ್ರಶ್ನೆ: ನಮ್ಮದು ಮರಳು ಮಣ್ಣಿನ ಜಮೀನು. ಮಣ್ಣು ಸುಧಾರಿಸಲೆಂದು ಕಳೆದ ಬಾರಿ ನಾಟಿಗೆ ಒಂದು ವಾರ ಮೊದಲು ಹಸಿ ಸಗಣಿಯನ್ನೂ ಮರದ ಹೊಟ್ಟನ್ನೂ ಧಾರಾಳವಾಗಿ ಬೆರೆಸಿ ಸಣ್ಣ ಈರುಳ್ಳಿ ಹಾಕಿದೆ. ತಿಂಗಳಾಗುವಷ್ಟರಲ್ಲಿ ಎಲೆಗಳು ಹಳದಿಯಾದವು; ಕಿತ್ತಾಗ ಗೆಡ್ಡೆಗಳು ಗೋಲಿಗಿಂತ ದಪ್ಪವಿರಲಿಲ್ಲ. ಸಾವಯವ ವಸ್ತು ಹಾಕಿಯೂ ಹೀಗೇಕಾಯಿತು? ಮುಂದಿನ ಬೆಳೆಗೆ ಏನು ಮಾಡಬೇಕು?

ಉತ್ತರ: ನೀವು ಹಾಕಿದ್ದು ಕಡಿಮೆಯಾಗಿರಲಿಲ್ಲ, ಆದರೆ ಅದು ಕಳಿತಿರಲಿಲ್ಲ. ಮರದ ಹೊಟ್ಟಿನಲ್ಲಿ ಒಂದು ಪಾಲು ಸಾರಜನಕಕ್ಕೆ ನೂರಾರು ಪಾಲು ಇಂಗಾಲವಿರುತ್ತದೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಸುತ್ತಲಿನ ಮಣ್ಣಿನಿಂದಲೇ ಎಳೆದುಕೊಳ್ಳುವುದರಿಂದ, ಮೊದಲೇ ಬಡವಾದ ಮರಳಿನಲ್ಲಿ ಪೈರಿಗೆ ಏನೂ ಉಳಿಯುವುದಿಲ್ಲ. ಎಲೆ ಹಳದಿಯಾಗಲು ಇದೇ ಮುಖ್ಯ ಕಾರಣವಿರಬೇಕು. ಹಸಿ ಸಗಣಿಯಿಂದ ಹೊರಡುವ ಅಮೋನಿಯ ಎಳೆ ಬೇರನ್ನು ಸುಡಬಲ್ಲದು. ಜೊತೆಗೆ ಅದು ಈರುಳ್ಳಿ ನೊಣವನ್ನು ಕರೆದು, ಕಳೆಬೀಜವನ್ನೂ ಹೊತ್ತು ತರುತ್ತದೆ.

ಮರಳಿನ ಕಣಗಳು 0.05 ರಿಂದ 2 ಮಿ.ಮೀ. ಗಾತ್ರದವು, ಜೇಡಿಯ ಕಣ 0.002 ಮಿ.ಮೀ.ಗಿಂತಲೂ ಚಿಕ್ಕದು. ದೊಡ್ಡ ಕಣಗಳ ನಡುವಿನ ದೊಡ್ಡ ಸಂದುಗಳಲ್ಲಿ ನೀರು ನಿಲ್ಲುವುದಿಲ್ಲ, ಆ ನೀರಿನೊಡನೆ ಸಾರಜನಕ ಮತ್ತು ಪೊಟ್ಯಾಶ್ ಬೇರಿನ ಕೆಳಗೆ ಬಸಿದುಹೋಗುತ್ತವೆ. ಸಣ್ಣ ಈರುಳ್ಳಿಯ ಬೇರು ಬಹುಪಾಲು ಮೇಲಿನ 20–30 ಸೆಂ.ಮೀ.ನಲ್ಲೇ ಹರಡಿರುವುದರಿಂದ, ಕೆಳಗಿಳಿದ ಪೋಷಕಾಂಶ ಅದಕ್ಕೆ ಮರಳಿ ಸಿಗುವಂತಿಲ್ಲ. ಪೂರ್ತಿ ಕಳಿತ ಸಾವಯವ ವಸ್ತುವಾದರೋ ಕಣಗಳನ್ನು ಅಂಟಿಸಿ, ನೀರನ್ನೂ ಪೋಷಕಾಂಶವನ್ನೂ ಹಿಡಿದಿಟ್ಟು, ಬೇಕಾದಂತೆ ಬಿಟ್ಟುಕೊಡುತ್ತದೆ.

ಆದ್ದರಿಂದ ಗೊಬ್ಬರವನ್ನು ಹೊಲಕ್ಕೆ ಸಾಗಿಸುವ ಮೊದಲು ಒಂದು ಹಿಡಿ ಕೈಗೆತ್ತಿಕೊಂಡು ನೋಡಿ. ಅದು ಕಪ್ಪಾಗಿ ಪುಡಿಪುಡಿಯಾಗಿರಬೇಕು, ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು, ಗುಡ್ಡೆಯ ಒಳಗೆ ಕೈಯಿಟ್ಟರೆ ಬಿಸಿ ತಾಗಬಾರದು. ಹುಲ್ಲಿನ ಎಳೆ ಇನ್ನೂ ಗುರುತು ಸಿಗುವಂತಿದ್ದರೆ, ಮೂಗಿಗೆ ಘಾಟು ಹೊಡೆದರೆ, ನೀರು ಚಿಮುಕಿಸಿ ಮಗುಚಿ ಇನ್ನಷ್ಟು ದಿನ ಬಿಡುವುದೇ ಲೇಸು. ಈ ಒಂದು ವಿಷಯದಲ್ಲಿ ಅವಸರ ಮಾಡಬೇಡಿರೆಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಇಂತಹ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟನ್ನು ಚದರ ಮೀಟರಿಗೆ ಸುಮಾರು 2.5 ಕೆ.ಜಿ., ಅಂದರೆ ಹೆಕ್ಟೇರಿಗೆ 25 ಟನ್ನಿನಂತೆ, ನಾಟಿಗೆ ಎರಡು ಮೂರು ವಾರ ಮೊದಲು ಹರಡಿ ಮೇಲಿನ 15–20 ಸೆಂ.ಮೀ. ಮಣ್ಣಿನಲ್ಲಿ ಬೆರೆಸಿ. ಅದಕ್ಕಿಂತ ಆಳಕ್ಕೆ ಹೂಳಿದ್ದು ಈ ಬೆಳೆಗೆ ಹೆಚ್ಚು ದಕ್ಕುವುದಿಲ್ಲ. ಎರೆಹುಳು ಗೊಬ್ಬರ ಸ್ವಲ್ಪವೇ ಇದ್ದರೆ ಎಲ್ಲೆಡೆ ಚೆಲ್ಲದೆ ನಾಟಿಯ ಸಾಲಿಗೆ ಮಾತ್ರ ಹಾಕಿ. ಕೋಳಿ ಗೊಬ್ಬರ ಬಲು ತೀಕ್ಷ್ಣವಾದುದರಿಂದ ಕಳಿತ ಮೇಲೆ, ಮಿತವಾಗಿ ಬಳಸಿ. ಉಳಿದಿರುವ ಮರದ ಹೊಟ್ಟನ್ನು ಮಣ್ಣಿಗೆ ಬೆರೆಸದೆ ಕಾಂಪೋಸ್ಟ್ ಗುಂಡಿಗೆ ಸೇರಿಸಿ.

ನಾಟಿಗೆ ಇನ್ನೂ ಎರಡು ಮೂರು ತಿಂಗಳ ಬಿಡುವಿದ್ದರೆ ಹಸಿರು ಗೊಬ್ಬರಕ್ಕಾಗಿ ಸೆಣಬನ್ನು ಬಿತ್ತಿ, ಹೂ ಬಿಡುವ ಹೊತ್ತಿಗೆ, ಕಾಂಡ ಗಡುಸಾಗುವ ಮುನ್ನ, ಉತ್ತು ಮಣ್ಣಿಗೆ ಸೇರಿಸಿ. ಅದು ಕೊಳೆಯಲು ಎರಡು ಮೂರು ವಾರ ಬಿಟ್ಟ ಬಳಿಕವೇ ನಾಟಿ ಮಾಡಿ.

ಪ್ರಶ್ನೆ: ಒಮ್ಮೆ ಹೀಗೆ ಗೊಬ್ಬರ ಕೊಟ್ಟರೆ ಎಷ್ಟು ಬೆಳೆಗೆ ಸಾಕಾಗುತ್ತದೆ?

ಉತ್ತರ: ಮರಳಿನಲ್ಲಿ ಗಾಳಿಯಾಟ ಹೆಚ್ಚು, ಬಿಸಿಲಿನ ಕಾವೂ ಬೇಗ ಏರುತ್ತದೆ, ಹೀಗಾಗಿ ಸಾವಯವ ಅಂಶ ಅಲ್ಲಿ ಬಹುಬೇಗ ಕರಗಿಹೋಗುತ್ತದೆ. ಒಂದೇ ಸಲ ರಾಶಿ ಹಾಕುವುದಕ್ಕಿಂತ ಪ್ರತಿ ಬೆಳೆಗೂ ತಪ್ಪದೆ ಹಾಕುವುದು ಉತ್ತಮ. ದೀರ್ಘಕಾಲ ಉಳಿಯುವಂಥದ್ದು ಬೇಕೆಂದರೆ ಬೇಸಾಯದ ಕಸವನ್ನು ಗಾಳಿಯಾಡದಂತೆ ಸುಟ್ಟು ಮಾಡಿದ ಇದ್ದಿಲ ಪುಡಿ ಇದೆ. ಅದನ್ನು ಬರಿದಾಗಿ ಹಾಕಿದರೆ ಪೋಷಕಾಂಶವನ್ನು ತಾನೇ ಹಿಡಿದುಕೊಳ್ಳಬಹುದು, ಆದ್ದರಿಂದ ಕೆಲವು ವಾರ ಕಾಂಪೋಸ್ಟಿನೊಡನೆ ಬೆರೆಸಿಟ್ಟು ಆಮೇಲೆ ಬಳಸಿ. ಇದ್ದಿಲು ಸಾಮಾನ್ಯವಾಗಿ ಕ್ಷಾರ ಗುಣದ್ದು. ಸಣ್ಣ ಈರುಳ್ಳಿಗೆ 6 ರಿಂದ 7 ರಸಸಾರ (ಮಣ್ಣಿನ ಹುಳಿ-ಕ್ಷಾರದ ಅಳತೆ, ಪಿ.ಎಚ್.) ಹಿತವಾದುದರಿಂದ, ಮಣ್ಣು ಪರೀಕ್ಷೆ ಮಾಡಿಸಿಯೇ ಅದಕ್ಕೆ ಕೈಹಾಕಿ.

ನೀರು ಹಾಯಿಸಿದ ಮರುದಿನ ಸಾಲಿನಲ್ಲಿ ಬೆರಳುದ್ದ ಕೆದಕಿ, ಒಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ. ಕೈ ಬಿಚ್ಚಿದೊಡನೆ ಉದುರದೆ ಉಂಡೆ ತುಸು ಹೊತ್ತು ನಿಂತರೆ, ಹಾಕಿದ ಗೊಬ್ಬರ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ.